ಅಳತೆ ಯಾರ ಕೈಯಲ್ಲಿ?

ಸಾಗರದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಹೊಸನಗರದ ಪೇಟೆಯಲ್ಲಾಗಲಿ, ತೀರ್ಥಹಳ್ಳಿಯ ಆಗುಂಬೆ ರಸ್ತೆಯಲ್ಲಾಗಲಿ ಸಂಜೆಯಾಯಿತೆಂದರೆ ಕಬಾಬು, ಗೋಬಿ, ಎಗ್‌ರೈಸ್ ಗಾಡಿಗಳ ಮುಂದೆ ಜನ ಸೇರುತ್ತಾರೆ. ಮಲೆನಾಡಿನಲ್ಲಿ ಕೋಳಿಸಾರು ಅಂದರೆ ಒಂದು ಕಾಲಕ್ಕೆ ನೆಂಟರು ಬಂದ ದಿನದ ಊಟ, ನಟ್ಟಿ ಮುಗಿದ ದಿನದ ಊಟ, ದೀಪಾವಳಿಯ ನೋನಿಯ ಊಟ. ಇವತ್ತು ಅದಕ್ಕೆ ದಿನ, ತಿಥಿ ಏನೂ ಬೇಕಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಸಾಕು. ಇದನ್ನು ಬರೀ ನಾಲಿಗೆ ಚಪಲ ಎಂದು ಬೈದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ತಲೆಮಾರುಗಳ ಕಾಲ ಹೊಟ್ಟೆ ತುಂಬ ಉಣ್ಣದವರ ಮನೆಗೆ ವಾರಕ್ಕೊಮ್ಮೆ ಕೋಳಿ ಬರುತ್ತಿದೆ ಎಂದರೆ ಅದು ಸಣ್ಣ ವಿಷಯವಲ್ಲ. ಆದರೆ ಅಷ್ಟು ಅಗ್ಗದಲ್ಲಿ ಅಷ್ಟೊಂದು ಮಾಂಸ ಎಲ್ಲಿಂದ ಬರುತ್ತಿದೆ, ಅದರ ನಿಜವಾದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ನಾವು ಕೇಳಿಕೊಂಡಿಲ್ಲ. ಈ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಮಾಂಸದ ನೀತಿ ಅಂದ ಕೂಡಲೇ ನಮ್ಮಲ್ಲಿ ಏಳುವ ಜಗಳ ಬೇರೆಯದೇ. ತಿನ್ನುವವರು ಯಾರು, ತಿನ್ನದವರು ಯಾರು, ಯಾವ ಪ್ರಾಣಿಯನ್ನು ತಿನ್ನಬಹುದು, ಯಾವುದನ್ನು ಮುಟ್ಟಬಾರದು. ಈ ಮೂರು ತಾಲ್ಲೂಕುಗಳಲ್ಲಿ ಆ ಗೆರೆ ಜಾತಿಯ ಗೆರೆಯೇ ಆಗಿ ಹೋಗಿದೆ. ಅಡಿಕೆ ತೋಟದ ಒಂದು ಬದಿಗೆ ಮಾಂಸ ಮುಟ್ಟದ ಕೇರಿ, ಇನ್ನೊಂದು ಬದಿಗೆ ಒಡ್ಡಿಯಲ್ಲಿ ಕೋಳಿ ಸಾಕುವ ದೀವರು, ಒಕ್ಕಲಿಗರು, ದಲಿತರ ಕೇರಿ. ಊಟವನ್ನೇ ನೆಪ ಮಾಡಿಕೊಂಡು ಮನುಷ್ಯರನ್ನು ದೂರ ಇಟ್ಟ ಚರಿತ್ರೆ ನಮ್ಮದು. ಹಾಗಾಗಿ ಮಾಂಸದ ಬಗ್ಗೆ ಯಾರೇ ನೀತಿಯ ಮಾತು ಎತ್ತಿದರೂ ಅದರ ಹಿಂದೆ ಮಡಿಯ ಮಾತಿದೆಯೋ ಎಂಬ ಅನುಮಾನ ಬರುತ್ತದೆ. ಅನುಮಾನ ನ್ಯಾಯವಾದದ್ದೇ. ಕಾನೂನುಗಳೂ ಅದೇ ಹಾದಿ ಹಿಡಿದಿವೆ. 1959ರ ಪ್ರಾಣಿ ಬಲಿ ತಡೆ ಕಾಯ್ದೆ ದೇವರ ಮುಂದೆ ಕೊಯ್ಯುವ ಕೋಳಿಯನ್ನು ಕಂಡಿತು. 1964ರ ಗೋಹತ್ಯೆ ಕಾಯ್ದೆ, ಅದರ ಜಾಗಕ್ಕೆ ಬಂದು 2021ರ ಜನವರಿಯಲ್ಲಿ ಜಾರಿಯಾದ ಹೊಸ ಕಾಯ್ದೆ, ಯಾವ ರಾಸು ಸಾಯಬಾರದು ಎಂದು ಹೇಳಿದವು. ಹೊಸದರಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ. ಸಾಯುವ ತನಕ ಆ ಪ್ರಾಣಿ ಹೇಗೆ ಬದುಕಿತ್ತು ಎಂಬುದು ಈ ಯಾವ ಕಾಯ್ದೆಯ ವಿಷಯವೂ ಅಲ್ಲ. ಮಾಂಸೋದ್ಯಮದ ನೀತಿಯ ಪ್ರಶ್ನೆ ಇರುವುದು ಅಲ್ಲೇ ಎನ್ನುವುದು ನನ್ನ ವಾದ. ಅದು ತಿನ್ನುವವನ ಜಾತಿಗಿಂತ ಮೊದಲು, ಸಾಕುವ ವ್ಯವಸ್ಥೆಯನ್ನು ಕೇಳಬೇಕಾದ ಪ್ರಶ್ನೆ.

ಸಾಕುವ ಆ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದಲೇ ನೋಡೋಣ. 2022-23ರಲ್ಲಿ ದೇಶದಲ್ಲಿ ಉತ್ಪತ್ತಿಯಾದ ಮಾಂಸ ಸುಮಾರು 97.7 ಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೋಳಿಯದ್ದು. ಆದ್ದರಿಂದ ನಮ್ಮಲ್ಲಿ ಮಾಂಸೋದ್ಯಮ ಅಂದರೆ ಮುಖ್ಯವಾಗಿ ಫಾರಂ ಕೋಳಿಯ ಉದ್ಯಮ. ಶೆಡ್ಡಿನ ನೆಲಕ್ಕೆ ಭತ್ತದ ಹೊಟ್ಟು ಹರಡಿ, ಬಲ್ಬಿನ ಕಾವಿನ ಕೆಳಗೆ ಒಂದು ದಿನದ ಹೂಮರಿಗಳನ್ನು ಬಿಡುತ್ತಾರೆ. ಸಾವಿರಗಟ್ಟಲೆ ಹಳದಿ ಮರಿಗಳು. ಒಂದಕ್ಕೂ ತಾಯಿಯ ರೆಕ್ಕೆ ಗೊತ್ತಿಲ್ಲ. ಮೊದಲ ವಾರ ಶೆಡ್ಡು ವಿಶಾಲವಾಗಿಯೇ ಕಾಣುತ್ತದೆ. ಐದನೇ ವಾರಕ್ಕೆ ಹೊಟ್ಟು ಕಾಣುವುದಿಲ್ಲ, ಬರೀ ಬಿಳಿ ಬೆನ್ನುಗಳು. ಒಂದು ಹಕ್ಕಿಗೆ ದಕ್ಕುವುದು ಹೆಚ್ಚುಕಡಿಮೆ ಒಂದು ಚದರಡಿ ಜಾಗ. ನೆನೆದ ಹೊಟ್ಟಿನಿಂದ ಏಳುವ ಅಮೋನಿಯಾ ಒಳಗೆ ಕಾಲಿಟ್ಟವರ ಕಣ್ಣು ಉರಿಸುತ್ತದೆ. ಕೋಳಿಗಳು ಉಸಿರಾಡುವುದು ಅದನ್ನೇ, ಇಡೀ ಆಯುಸ್ಸು. ಆಯುಸ್ಸು ಅಂದರೆ ಸುಮಾರು ನಲವತ್ತು ದಿನ, ತೂಕ ಎರಡು ಕೆ.ಜಿ.ಯ ಮೇಲೆ. ಊರುಕೋಳಿಯೊಂದು ಹದ್ದು, ಕಾಡುಬೆಕ್ಕುಗಳ ಬಾಯಿ ತಪ್ಪಿಸಿಕೊಂಡರೆ ವರ್ಷಗಟ್ಟಲೆ ಬದುಕುತ್ತದೆ, ಮಣ್ಣು ಕೆದರುತ್ತದೆ, ಬೂದಿಯಲ್ಲಿ ಹೊರಳುತ್ತದೆ, ಕಾವಿಗೆ ಕೂರುತ್ತದೆ. ಫಾರಂ ಕೋಳಿಗೆ ಇದರಲ್ಲಿ ಒಂದಕ್ಕೂ ಅವಕಾಶವಿಲ್ಲ.

ಬೆಳವಣಿಗೆಯ ಆ ವೇಗ ಹಕ್ಕಿಯ ಮೈಯೊಳಗೇ ಕಟ್ಟಿದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರಿಂದ ಹಾಗೇ ಉಳಿಸಿಕೊಂಡು ಬಂದ ತಳಿಯನ್ನೂ 2005ರ ವಾಣಿಜ್ಯ ತಳಿಯನ್ನೂ ಒಂದೇ ಮೇವು ಹಾಕಿ ಬೆಳೆಸಿ ನೋಡಿದರು. 56ನೇ ದಿನ ಹಳೆಯದು ಸುಮಾರು 900 ಗ್ರಾಂ ತೂಗಿತು, ಹೊಸದು 4 ಕೆ.ಜಿ. 200 ಗ್ರಾಂ. ಮೂಳೆ, ಎದೆಗೂಡು, ಗುಂಡಿಗೆ ಇಷ್ಟೇ ವೇಗದಲ್ಲಿ ಬಲಿಯುವುದಿಲ್ಲ. ಬ್ರಿಟನ್ನಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳ ನಡಿಗೆಯನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಲವತ್ತನೇ ದಿನದ ಹೊತ್ತಿಗೆ ನೂರಕ್ಕೆ ಇಪ್ಪತ್ತೇಳಕ್ಕೂ ಹೆಚ್ಚು ಹಕ್ಕಿಗಳು ಸರಿಯಾಗಿ ನಡೆಯಲಾರದ ಸ್ಥಿತಿಯಲ್ಲಿದ್ದವು, ಮೂರಕ್ಕೆ ಹೆಚ್ಚುಕಡಿಮೆ ನಡೆಯಲೇ ಆಗುತ್ತಿರಲಿಲ್ಲ. ಈ ಮರಿಗಳ ತಂದೆ ತಾಯಿ ಕೋಳಿಗಳ ಪಾಡು ಇನ್ನೊಂದು. ಹೊಟ್ಟೆ ತುಂಬ ಹಾಕಿದರೆ ಅವುಗಳಲ್ಲಿ ಹಲವು ಭಾರಕ್ಕೆ ಕುಸಿಯುತ್ತವೆ. ಅದಕ್ಕೆ ಅವನ್ನು ಹಸಿವಿನಲ್ಲೇ ಇಡಬೇಕು. ತನ್ನ ಮೈಯ ಭಾರ ತಾನೇ ಹೊರಲಾರದ ಜೀವವನ್ನು ಬೇಕೆಂದೇ ಹುಟ್ಟಿಸುವುದು, ಹಸಿದೇ ಇರಲಿ ಎಂದು ಲೆಕ್ಕ ಹಾಕಿ ಸಾಕುವುದು ಸರಿಯೇ? ಇದಕ್ಕೆ ಉತ್ತರ ಕೊಡಲು ಶಾಕಾಹಾರಿಯಾಗಿರಬೇಕಿಲ್ಲ. ಮನೆಯಲ್ಲಿ ಕೋಳಿ ಸಾಕಿದ ಯಾವ ಹೆಂಗಸನ್ನು ಕೇಳಿದರೂ ಉತ್ತರ ಸಿಗುತ್ತದೆ.

ಕೋಳಿಯ ಪಾಡು ಇದಾದರೆ, ಅದನ್ನು ಸಾಕುವ ರೈತನ ಪಾಡೇನು? ಇಲ್ಲಿ ನಮ್ಮ ನೆಲದ ಚರಿತ್ರೆಯೊಂದು ನೆನಪಾಗಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಸಂಘಟಿಸಿದರು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮೂಲದಲ್ಲಿದ್ದ ಜಗಳಗಳಲ್ಲಿ ಒಂದು ಕೊಳಗದ್ದು. ಬೆಳೆದವನು ಗೇಣಿದಾರ, ಆದರೆ ಭತ್ತ ಅಳೆಯುವ ಕೊಳಗ ಒಡೆಯರದ್ದು. ಅದು ಎಷ್ಟು ದೊಡ್ಡದು ಎಂದು ಹೇಳುವವರೂ ಅವರೇ. ಆ ಕಿಚ್ಚು ಮುಂದೆ 1974ರ ಭೂಸುಧಾರಣೆಯ ತಿದ್ದುಪಡಿಯ ತನಕ ಹರಿಯಿತು, ಉಳುವವನ ಹೆಸರಿಗೆ ನೆಲ ಬಂತು. ಈಗ ಗುತ್ತಿಗೆ ಕೋಳಿ ಸಾಕಣೆಯ ಕರಾರನ್ನು ನೋಡಿ. 1990ರ ದಶಕದಲ್ಲಿ ಕೊಯಮತ್ತೂರು, ಪಲ್ಲಡಂ ಕಡೆ ಬಲಿತು ದಕ್ಷಿಣಕ್ಕೆಲ್ಲ ಹಬ್ಬಿದ ಪದ್ಧತಿ ಇದು; ನಮ್ಮ ಶಿವಮೊಗ್ಗ ಜಿಲ್ಲೆಗೂ ಬಂದಿದೆ. ಮರಿ ಕಂಪನಿಯದ್ದು, ಮೇವು ಕಂಪನಿಯದ್ದು, ಔಷಧಿ ಕಂಪನಿಯದ್ದು, ಬೆಳೆದ ಕೋಳಿಯೂ ಕಂಪನಿಯದ್ದೇ. ರೈತನದ್ದು ಜಾಗ, ಶೆಡ್ಡು, ಶೆಡ್ಡು ಕಟ್ಟಲು ಮಾಡಿದ ಸಾಲ, ಕರೆಂಟು, ನೀರು, ಹೊಟ್ಟು ಮತ್ತು ಮನೆಯವರ ದುಡಿಮೆ. ಅವನಿಗೆ ಸಿಗುವುದು ಕೆ.ಜಿ. ಲೆಕ್ಕದ ಸಾಕಣೆ ಕೂಲಿ, ಕೆಲವೇ ರೂಪಾಯಿ. ಅದರಲ್ಲೂ ಮೇವು ಹೆಚ್ಚು ತಿಂದರೆ ಕಡಿತ, ಹೆಚ್ಚು ಹಕ್ಕಿ ಸತ್ತರೆ ಕಡಿತ. ಮರಿ ಕಸುವಿಲ್ಲದ್ದಾಗಿದ್ದರೆ, ಮೇವು ಕಳಪೆಯಾಗಿದ್ದರೆ ಅದು ಯಾರ ತಪ್ಪು ಎಂದು ತೀರ್ಮಾನಿಸುವವರು ಮರಿ ಮತ್ತು ಮೇವು ಕೊಟ್ಟವರೇ. ಲಾರಿ ಬರುವ ರಾತ್ರಿ ಯಾವುದು, ಮುಂದಿನ ಮರಿ ಬರುವುದು ಹತ್ತು ದಿನಕ್ಕೋ ಎರಡು ತಿಂಗಳಿಗೋ, ಅದನ್ನೂ ಹೇಳುವವರು ಅವರೇ. ಕೊಳಗ ಹೋಗಿ ತೂಕದ ಯಂತ್ರ ಬಂದಿದೆ. ಅಳತೆ ಮಾತ್ರ ಬೆಳೆಯುವವನ ಕೈಗೆ ಬಂದಿಲ್ಲ.

ಗುತ್ತಿಗೆಯಲ್ಲಿ ರೈತನಿಗೆ ಮಾರುಕಟ್ಟೆಯ ಏರಿಳಿತದ ಭಯವಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಹಕ್ಕಿಜ್ವರದ ಸುದ್ದಿ ಬಂದು ಕೋಳಿಯ ದರ ನೆಲ ಕಚ್ಚಿದಾಗ ಸ್ವಂತಕ್ಕೆ ಸಾಕಿದವರು ಮುಳುಗುತ್ತಾರೆ, ಗುತ್ತಿಗೆಯವರಿಗೆ ಕೂಲಿಯಾದರೂ ಸಿಗುತ್ತದೆ. ಎಲೆಚುಕ್ಕಿ ರೋಗ ಅಡಿಕೆ ತೋಟ ತಿನ್ನುತ್ತಿರುವಾಗ, ಮಳೆಗಾಲಕ್ಕೆ ಕೊಳೆ ಇದ್ದೇ ಇರುವಾಗ, ಎರಡೆಕರೆಯ ಹಿಡುವಳಿದಾರ ಇನ್ನೊಂದು ಆದಾಯಕ್ಕೆ ಕೈ ಚಾಚಿದರೆ ಅವನನ್ನು ಬೈಯಲು ಯಾರಿಗೂ ಹಕ್ಕಿಲ್ಲ. ಆದರೆ ದರದ ಭಯ ತಪ್ಪಿದ್ದಕ್ಕೆ ಅವನು ತೆತ್ತದ್ದು ಏನು? ಕೋಳಿಗೆ ಜಾಗ ಹೆಚ್ಚಿಸಬೇಕೆಂದು ಅವನಿಗೇ ಅನಿಸಿದರೂ ಅದು ಅವನ ತೀರ್ಮಾನವಲ್ಲ. ನಿಧಾನಕ್ಕೆ ಬೆಳೆಯುವ ತಳಿ ತರುವ ಸ್ವಾತಂತ್ರ್ಯವಿಲ್ಲ. ಹಕ್ಕಿಯ ಹಿಂಸೆಯೂ ರೈತನ ಪರಾಧೀನತೆಯೂ ಒಂದೇ ಕರಾರಿನ ಎರಡು ಕಲಮುಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಮಾಡಲು ಆಗುವುದಿಲ್ಲ.

ಆ ಶೆಡ್ಡಿನಲ್ಲಿ ಆದದ್ದು ಶೆಡ್ಡಿನಲ್ಲೇ ಉಳಿಯುವುದೂ ಇಲ್ಲ. ಅಷ್ಟು ಒತ್ತಾಗಿ ಸಾಕಿದರೆ ರೋಗ ಬೇಗ ಹರಡುತ್ತದೆ. ಹರಡದಿರಲಿ ಎಂದು, ಬೆಳವಣಿಗೆಗೂ ಆಗಲಿ ಎಂದು, ಮೇವು ನೀರಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸುವ ರೂಢಿ ಬೆಳೆಯಿತು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಮಾರುಕಟ್ಟೆಗಳ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತರಲ್ಲಿ ಔಷಧದ ಉಳಿಕೆ ಸಿಕ್ಕಿತು. ಬೇರಾವ ಔಷಧವೂ ನಾಟದ ರೋಗಿಗೆ ಕೊನೆಯದಾಗಿ ಕೊಡುವ ಕೊಲಿಸ್ಟಿನ್ ಕೂಡ ಕೋಳಿ ಮೇವಿಗೆ ಬೀಳುತ್ತಿತ್ತು. ಕೇಂದ್ರ ಸರ್ಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ನಿಷೇಧಿಸಿದ್ದು 2019ರ ಜುಲೈಯಲ್ಲಿ. ಇದರ ಅರ್ಥ ಸರಳ: ಮಾಂಸದ ಒಂದು ಚೂರನ್ನೂ ಮುಟ್ಟದ ಮನೆಯ ಕೂಸಿಗೆ ನಾಳೆ ನಂಜೇರಿದಾಗ ಔಷಧ ನಾಟದಿದ್ದರೆ, ಆ ಅಗ್ಗದ ಕೋಳಿಯ ಬೆಲೆಯಲ್ಲಿ ಆ ಮನೆಯ ಪಾಲೂ ಇರುತ್ತದೆ.

ಈ ಪ್ರಶ್ನೆಗಳನ್ನು ಕರ್ನಾಟಕ ಒಮ್ಮೆ ಬೀದಿಯಲ್ಲಿ ನಿಂತು ಕೇಳಿತ್ತು. 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್‌ನ ಭಾರತದ ಮೊದಲ ಅಂಗಡಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ವಿರೋಧಕ್ಕಿಳಿಯಿತು. ಅಜಿನೊಮೊಟೊ ಮಿತಿ ಮೀರಿದೆಯೆಂದು ನಗರಪಾಲಿಕೆ ಪರವಾನಗಿ ರದ್ದುಮಾಡಿತು, ನ್ಯಾಯಾಲಯದ ಆದೇಶದಿಂದ ಅಂಗಡಿ ಮತ್ತೆ ತೆರೆಯಿತು, 1996ರ ಜನವರಿ 30ರಂದು ಸಂಘದ ಕಾರ್ಯಕರ್ತರು ಒಳನುಗ್ಗಿ ಗಾಜು ಒಡೆದರು. ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಗಾಂಧಿ ಹುತಾತ್ಮರಾದ ದಿನವೇ ಅದು ನಡೆದದ್ದು ನೋವಿನ ಸಂಗತಿ, ಮೇಲಾಗಿ ಸುದ್ದಿಯಲ್ಲಿ ಉಳಿದದ್ದು ಗಾಜಿನ ಚೂರು, ಪ್ರಶ್ನೆಯಲ್ಲ. ಮನುಷ್ಯರು ತಿನ್ನುವ ಧಾನ್ಯದ ನೆಲ ಕೋಳಿಯ ಮೇವಿಗೆ ಹೋದರೆ ಏನಾಗುತ್ತದೆ, ಸಣ್ಣ ರೈತ ಎಲ್ಲಿ ನಿಲ್ಲುತ್ತಾನೆ ಎಂದು ಸಂಘ ಕೇಳಿತ್ತು. 1980ರಲ್ಲಿ ಆ ಸಂಘ ಕಟ್ಟುವಾಗ ಶಿವಮೊಗ್ಗ ಜಿಲ್ಲೆಯ ಎನ್.ಡಿ. ಸುಂದರೇಶ್, ತೀರ್ಥಹಳ್ಳಿ ಸೀಮೆಯ ಕಡಿದಾಳು ಶಾಮಣ್ಣ ಅಂಥವರ ಬೆವರಿತ್ತು. ಪ್ರಶ್ನೆಯಲ್ಲೂ ಕಾಗೋಡಿನ ದನಿ ಇತ್ತು. ಇವತ್ತು ದಾವಣಗೆರೆ, ಹಾವೇರಿ, ನಮ್ಮದೇ ಶಿಕಾರಿಪುರದ ಹೊಲಗಳಲ್ಲಿ ಮೆಕ್ಕೆಜೋಳ ನಿಂತಿರುವುದು ಬಹುಪಾಲು ಮೇವಿಗಾಗಿ. ಹಿಂತಿರುಗಿ ನೋಡಿದರೆ ವಿದೇಶಿ ಅಂಗಡಿಗಿಂತ ನಮ್ಮ ಬೀದಿಯ ಗಾಡಿಯೇ ಆ ಕೋಳಿಯನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿತು.

ಗಾಡಿಯ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ಶಾಕಾಹಾರದ ಫಾಸ್ಟ್‌ಫುಡ್ಡು ಈ ಲೆಕ್ಕದಿಂದ ಹೊರಗಿದೆ ಎಂದು ಯಾರೂ ನೆಮ್ಮದಿಪಡುವಂತಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 171 ಗೋಬಿ ಮಂಚೂರಿ ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಸಿಕ್ಕಿತು, ಆ ಬಣ್ಣಕ್ಕೆ ನಿಷೇಧ ಬಂತು. ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಗಾಡಿಯವನನ್ನು ಹಿಡಿದು ದಂಡ ಹಾಕುವುದು ಸುಲಭ. ಆದರೆ ಕಣ್ಣಿಗೆ ಕೆಂಪಾಗಿ ಕಾಣಬೇಕು, ಪ್ಲೇಟಿಗೆ ಇಷ್ಟೇ ರೂಪಾಯಿ ಇರಬೇಕು ಎಂದು ಒತ್ತುವ ನಾವೂ ಆ ಬಣ್ಣದ ಡಬ್ಬಿಗೆ ಕೈ ಹಾಕಿದ್ದೇವೆ. ಹಾಲಿನ ವಿಷಯವೂ ಹೀಗೇ. 2007ರ ಏಪ್ರಿಲ್‌ನಲ್ಲಿ ಹೊಸನಗರದ ರಾಮಚಂದ್ರಾಪುರ ಮಠದಲ್ಲಿ ನಡೆದ ವಿಶ್ವ ಗೋ ಸಮ್ಮೇಳನ ಮಲೆನಾಡು ಗಿಡ್ಡದಂಥ ದೇಸಿ ತಳಿಗಳ ಕಡೆ ನಾಡಿನ ಗಮನ ಸೆಳೆಯಿತು; ಅದು ಒಳ್ಳೆಯ ಕೆಲಸ. ಆದರೂ ಡೈರಿಗೆ ಹಾಲು ಹಾಕುವ ಕೊಟ್ಟಿಗೆಯಲ್ಲಿ ಮಿಶ್ರತಳಿ ಹಸು ಹೋರಿಗರು ಹಾಕಿದರೆ ಅದು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಹಾಲು ಕುಡಿಯುವ ಯಾವ ಮನೆಯೂ ಉತ್ತರ ಕೊಟ್ಟಿಲ್ಲ.

ಕೊಲ್ಲುವುದೇ ಆದಮೇಲೆ ಹೇಗೆ ಸಾಕಿದರೇನು ಎಂಬ ಮಾತಿದೆ. ಎರಡು ಕಡೆಯವರೂ ಇದನ್ನೇ ಆಡುತ್ತಾರೆ: ತಿನ್ನದವರು ತಿನ್ನುವವರನ್ನು ಚುಚ್ಚಲು, ತಿನ್ನುವವರು ಯೋಚನೆಯಿಂದ ಪಾರಾಗಲು. ಸಾವು ಒಂದು ಗಳಿಗೆ, ಬದುಕು ಅದಕ್ಕೆ ಮೊದಲಿನ ಎಲ್ಲ ದಿನಗಳು. ಆ ಎಲ್ಲ ದಿನಗಳೂ ನರಳಾಟವಾಗಿದ್ದವೋ ಇಲ್ಲವೋ ಎಂಬುದು ನರಳುವ ಜೀವಕ್ಕೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ. ನಮ್ಮ ಕಾನೂನು ಕೂಡ ಕಾಗದದ ಮೇಲೆ ಇದನ್ನು ಒಪ್ಪಿದೆ. 2014ರಲ್ಲಿ ಎ. ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳಿಗೆ ಹಸಿವು, ಭಯ, ನೋವುಗಳಿಂದ ಬಿಡುಗಡೆ ಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. 2001ರ ಕಸಾಯಿಖಾನೆ ನಿಯಮಗಳು ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದೆನ್ನುತ್ತವೆ. ಚಿಕನ್ ಸ್ಟಾಲಿನಲ್ಲಿ ಆಗುವುದೇನು? ಗೂಡಿನಿಂದ ಒಂದನ್ನು ಕಾಲು ಹಿಡಿದೆಳೆದು, ತೂಗಿ, ಕತ್ತು ಕೊಯ್ದು ಡ್ರಮ್ಮಿಗೆ ಎಸೆಯುತ್ತಾರೆ; ಒಳಗೆ ಅದು ಬಡಿದುಕೊಳ್ಳುವ ಸದ್ದು ನಿಲ್ಲುವ ತನಕ ಗೂಡಿನಲ್ಲಿ ಉಳಿದವು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಬೈಕಿನ ಎರಡೂ ಬದಿಗೆ ತಲೆ ಕೆಳಗಾಗಿ ತೂಗಾಡುತ್ತ ಹೋಗುವ ಕೋಳಿಗಳನ್ನು ನಮ್ಮ ರಸ್ತೆಗಳಲ್ಲಿ ಕಾಣದವರಿಲ್ಲ. ಇದು ಅಪರಾಧ, ಮತ್ತು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕಿರುವ ದಂಡ 10ರಿಂದ 50 ರೂಪಾಯಿ.

ಉಳಿದದ್ದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಬಡವರ ಪ್ರೋಟೀನನ್ನು ದುಬಾರಿ ಮಾಡುತ್ತೀರಾ? ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ಈ ನಾಡು ವರ್ಷಗಟ್ಟಲೆ ಜಗಳವಾಡಿತು. ಮೊಟ್ಟೆ ಬೇಡವೆಂದವರಲ್ಲಿ ಹಲವರು ಹಸಿವೆಯನ್ನು ಕಂಡವರಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರಕ್ಕೆ ಆರು ದಿನ, ಸುಮಾರು 55 ಲಕ್ಷ ಮಕ್ಕಳಿಗೆ ಮೊಟ್ಟೆ ಅಥವಾ ಬೇಡವೆಂದವರಿಗೆ ಬಾಳೆಹಣ್ಣು, ಚಿಕ್ಕಿ ಸಿಗುವಂತಾಗಿದೆ. ಆ ಮೊಟ್ಟೆ ಮಗುವಿನ ತಟ್ಟೆಯಿಂದ ಒಂದು ದಿನಕ್ಕೂ ಕದಲಬಾರದು. ನಾನು ಹೇಳುವುದು ಅದು ಎಲ್ಲಿಂದ ಬರಬೇಕು ಎಂಬುದನ್ನು. ಈಗ ಪೇಟೆಗೆ ಬರುವ ಮೊಟ್ಟೆ ಇಡುವ ಕೋಳಿಗೆ ತಂತಿಯ ಗೂಡಿನಲ್ಲಿ ಸಿಗುವುದು ಒಂದು ಎ-4 ಹಾಳೆಗಿಂತ ಕಡಿಮೆ ಜಾಗ. ಯುರೋಪಿಯನ್ ಒಕ್ಕೂಟ ಅಂಥ ಬರಿಗೂಡನ್ನು 2012ರಲ್ಲಿ ನಿಲ್ಲಿಸಿತು, ನಮ್ಮ ಕಾನೂನು ಆಯೋಗ 2017ರಲ್ಲಿ ಈ ಬಗ್ಗೆ 269ನೇ ವರದಿಯನ್ನೇ ಕೊಟ್ಟಿತು. ಇನ್ನೊಂದು ಕಡೆ, ಹೆಬ್ಬಾಳದ ಪಶುವೈದ್ಯ ಕಾಲೇಜು 1989ರಲ್ಲೇ ಹಿತ್ತಿಲಲ್ಲಿ ಮೇಯಲೆಂದು ಗಿರಿರಾಜ ತಳಿಯನ್ನು ಕೊಟ್ಟಿತ್ತು, ಆಮೇಲೆ ಸ್ವರ್ಣಧಾರಾ ಬಂತು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಸಾಕುಹಕ್ಕಿಗಳಲ್ಲಿ ಹಿತ್ತಿಲಲ್ಲಿ ಬೆಳೆಯುವವು ಇನ್ನೂ ಸುಮಾರು 32 ಕೋಟಿ ಇವೆ. ಸಾಕುವವರು ಬಹುಪಾಲು ಹೆಂಗಸರು. ಅಷ್ಟು ದೊಡ್ಡ ಖರೀದಿದಾರನಾಗಿ ಸರ್ಕಾರ ನಿಂತಿರುವಾಗ, ಈ ಮೂರು ತಾಲ್ಲೂಕುಗಳ ಶಾಲೆಗಳಿಗಾದರೂ ಮೊಟ್ಟೆಯ ಒಂದು ಪಾಲನ್ನು ಸ್ತ್ರೀಶಕ್ತಿ ಸಂಘಗಳಿಂದ, ಗೂಡಿನ ಹೊರಗೆ ಮೇಯುವ ಕೋಳಿಗಳಿಂದ ಕೊಳ್ಳಬಹುದು. ಒಂದು ಮೊಟ್ಟೆಗೆ ಎರಡು ರೂಪಾಯಿ ಹೆಚ್ಚಾದರೆ ಅದನ್ನು ಖಜಾನೆ ಹೊರಲಿ, ಮಗು ಹೊರುವುದು ಬೇಡ.

ಗಾಡಿಯ ಕಬಾಬು ದುಬಾರಿಯಾಗಬಹುದು, ನಿಜ. ದುಡಿದು ಉಣ್ಣುವವನಿಗೆ ವಾರಕ್ಕೆ ಮೂರು ಸಲದ ಬದಲು ಒಂದು ಸಲ ಸಿಗಬಹುದು. ಅದನ್ನು ಮರೆಮಾಚಿ ಮಾತಾಡುವುದು ತರವಲ್ಲ. ಆದರೆ ಈಗಿನ ಅಗ್ಗ ಅವನಿಗೂ ದಾನವಾಗಿ ಬಂದದ್ದಲ್ಲ. ಶೆಡ್ಡು ಕಟ್ಟಿ ಸಾಲಕ್ಕೆ ಸಿಕ್ಕಿರುವವನು ಅವನ ಷಡ್ಡಕನೋ ಭಾವನೋ ಆಗಿರುತ್ತಾನೆ, ಔಷಧ ನಾಟದ ಜ್ವರ ಬಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ಮಲಗುವವನೂ ಅವನೇ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಕರಾರಿನಿಂದ. ಕರಾರು ಕನ್ನಡದಲ್ಲಿರಬೇಕು, ಒಂದು ಪ್ರತಿ ಸಾಕುವವನ ಕೈಯಲ್ಲಿರಬೇಕು. ಲಾರಿ ಬಂದ ರಾತ್ರಿ ತೂಗುವ ಯಂತ್ರಕ್ಕೆ ಮಾಪನ ಇಲಾಖೆಯ ಮುದ್ರೆ ಇರಬೇಕು, ತೂಕ ಅವನ ಕಣ್ಣೆದುರು ಆಗಬೇಕು. ಹಕ್ಕಿಗೆ ಎಷ್ಟು ಜಾಗ ಎಂಬುದು ಆ ಕಾಗದದಲ್ಲೇ ಬರೆದಿರಬೇಕು, ಹೆಚ್ಚು ಜಾಗ ಕೊಟ್ಟವನಿಗೆ ಹೆಚ್ಚು ಕೂಲಿ ಸಿಗಬೇಕು. ಯಾವ ಔಷಧ ಯಾವ ದಿನ ಹಾಕಿದರು ಎಂಬ ಪುಸ್ತಕವನ್ನು ಶೆಡ್ಡಿನಲ್ಲೇ ಇಟ್ಟು, ಪಶುವೈದ್ಯರು ಸಹಿ ಹಾಕಬೇಕು. ಸಾಗರದ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯ ಪಟ್ಟಣ ಪಂಚಾಯತಿಗಳು ಸ್ಟಾಲುಗಳ ಪರವಾನಗಿ ನವೀಕರಿಸುವಾಗ ಗೂಡಿಗೂ ಕೊಯ್ಯುವ ಜಾಗಕ್ಕೂ ನಡುವೆ ಒಂದು ಗೋಡೆ ಕೇಳಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವ ನಿಯಮವನ್ನು ಓದಿದರೆ ಸಾಕು.